ಮೊದಲ ದೂರು

ಎಲೆ ಉದುರುವ ಕಾಲ ಬಂತೆಂದರೆ ಟೈಲರ್ ಮಾಸ್ಟರಿಗೆ ತಲೆ ಕೆರೆದುಕೊಳ್ಳಲೂ ಪುರಸೊತ್ತು ಇರುತ್ತಿರಲಿಲ್ಲ. ಆ ಊರಿನಲ್ಲಿ ನಾಲ್ಕಾರು ಬಗೆಯ ಜನ ಒಟ್ಟಿಗೆ ಬದುಕುತ್ತಿದ್ದರು. ಬದುಕಿದ್ದಾಗ ಒಬ್ಬರ ಮುಖ ಒಬ್ಬರು ನೋಡದವರು ಕೂಡ, ಸತ್ತ ಮೇಲೆ ಮಾತಾಡಿಕೊಂಡವರ ಹಾಗೆ, ಅದೇ ಒಂದೂವರೆ ತಿಂಗಳಲ್ಲಿ ತಂತಮ್ಮ ಮನೆಗೆ ಬಂದು ಹೋಗುತ್ತಿದ್ದರು. ಬರುವವರಿಗೇನು, ಬಂದುಬಿಡುತ್ತಾರೆ, ಬರಮಾಡಿಕೊಳ್ಳುವವರಿಗೆ ಬಟ್ಟೆ ಬೇಕಲ್ಲ.

ಅದರಲ್ಲೂ ಒಬ್ಬೊಬ್ಬರದು ಒಂದೊಂದು ವರಸೆ. ಗುಡ್ಡದ ಮೇಲಿನ ಸಮಾಧಿಗಳಿಗೆ ಮೇಣದ ದೀಪ ಹಚ್ಚುವವರಿಗೆ ಅಚ್ಚ ಕಪ್ಪು ಕೋಟೇ ಆಗಬೇಕು. ಕಪ್ಪಿನ ಮೇಲೆ ಮೇಣದ ಹನಿ ಎದ್ದು ಕಾಣುತ್ತದೆ ಎಂದರೆ ಕೇಳುವವರಿಲ್ಲ. ಹೊಳೆಯಲ್ಲಿ ದೀಪ ತೇಲಿಬಿಡುವವರಿಗೆ ಬಿಳಿ ಬಟ್ಟೆ, ಅಂಚು ಮೊಣಕಾಲಿಗಿಂತ ಮೇಲೆ, ಯಾಕೆಂದರೆ ನೀರಿಗಿಳಿಯಬೇಕು. ಗೋರಿ ಗುಡಿಸಿ, ತೊಳೆದು, ಅಲ್ಲೇ ಚಾಪೆ ಹಾಸಿ ಉಂಡು ಬರುವವರಿಗೆ ಸೊಂಟ ಸಡಿಲವಿರುವ ಪ್ಯಾಂಟು, ಕಣ್ಣು ಕುಕ್ಕುವ ಬಣ್ಣ. ‘ತಾತನಿಗೆ ಕಣ್ಣು ಮಂಜು, ಮಾಸ್ಟ್ರೇ. ಮಂಕು ಬಣ್ಣ ಹಾಕ್ಕೊಂಡು ಹೋದ್ರೆ ಯಾರು ಅಂತ ಗೊತ್ತಾಗಲ್ಲ’ ಎಂಬುದು ಅವರ ಸಮಜಾಯಿಷಿ. ಇನ್ನೊಂದು ಮನೆಯವರು ಪ್ರತಿ ವರ್ಷ ತಪ್ಪದೆ ತೀರಿಕೊಂಡ ಅಜ್ಜಿಯ ಸ್ವೆಟರು ತರುತ್ತಿದ್ದರು. ಅಜ್ಜಿ ಬದುಕಿದ್ದಾಗ ವರ್ಷಕ್ಕೊಂದು ಗುಂಡಿ ಕಿತ್ತುಕೊಂಡು ಬರುತ್ತಿದ್ದಳು. ಈಗ ಆ ಕೆಲಸವನ್ನು ಮನೆಯವರೇ ಮಾಡಿ, ಕಿತ್ತ ಗುಂಡಿಯನ್ನು ಕಾಗದದಲ್ಲಿ ಸುತ್ತಿ ತಂದುಕೊಡುತ್ತಿದ್ದರು. ಮಾಸ್ಟರು ಮರು ಮಾತಾಡದೆ ಹೊಲಿದು ಕೊಡುತ್ತಿದ್ದರು.

ಮರು ಮಾತು ಅವರಿಗೆ ಒಗ್ಗಿದ್ದೇ ಅಲ್ಲ. ಮೂವತ್ತೆಂಟು ವರ್ಷಗಳಲ್ಲಿ ಒಬ್ಬ ಗಿರಾಕಿಗೂ ಅವನ ಮೈಯ ಲೋಪ ಹೇಳಿದ ಜೀವವಲ್ಲ ಅದು. ಹೊಟ್ಟೆ ಬಂದವರಿಗೆ ‘ಬಟ್ಟೆ ಸ್ವಲ್ಪ ಕುಗ್ಗಿದೆ’ ಎನ್ನುವರು. ಬೆನ್ನು ಬಾಗಿದವರಿಗೆ ‘ಹಿಂದುಗಡೆ ಅರ್ಧ ಇಂಚು ಧಾರಾಳವಾಗಿ ಬಿಡೋಣ’ ಎನ್ನುವರು. ಒಂದು ಭುಜ ಇಳಿದ ಗಿರಾಕಿ ಕನ್ನಡಿಯಲ್ಲಿ ನೋಡಿಕೊಂಡು ಮುಖ ಸಣ್ಣದು ಮಾಡಿದರೆ, ‘ಈ ಕನ್ನಡಿ ಸ್ವಲ್ಪ ವಾಲಿದೆ, ಸರಿ ಮಾಡಿಸ್ಬೇಕು’ ಎನ್ನುವರು. ಆಗ ಪರದೆಯ ಹಿಂದೆ ಕಾಜಾ ಹಾಕುತ್ತ ಕೂತ ಹೆಂಡತಿಯ ದನಿ ಕೇಳಿಬರುತ್ತಿತ್ತು: ‘ಕನ್ನಡಿ ನೆಟ್ಟಗಿದೆ. ಭುಜ ವಾಲಿದೆ. ಆ ಭುಜದ ಮೇಲೆ ಚೀಲ ಹೊರೋದು ಬಿಡಿ ಮೊದಲು.’ ಗಿರಾಕಿಗಳಿಗೆ ಇಬ್ಬರೂ ಬೇಕಾಗಿದ್ದರು. ಸುಳ್ಳಿನಿಂದ ಸಮಾಧಾನ, ನಿಜದಿಂದ ಸರಿಯಾದ ಅಳತೆ.

ಆ ದನಿ ಬೇಸಗೆಯ ಮೊದಲಲ್ಲಿ ನಿಂತುಹೋಯಿತು. ಹೆಂಡತಿ ಹನ್ನೆರಡು ದಿನ ಆಸ್ಪತ್ರೆಯಲ್ಲಿ ಮಲಗಿದ್ದು ತೀರಿಕೊಂಡಳು. ಅಂಗಡಿಯ ಪರದೆ ಈಗಲೂ ಇತ್ತು, ಅದರ ಹಿಂದೆ ಯಾರೂ ಇರಲಿಲ್ಲ. ಮಾಸ್ಟರು ‘ಕನ್ನಡಿ ವಾಲಿದೆ’ ಎಂದು ಹೇಳಿ ಒಂದು ಗಳಿಗೆ ಕಾಯುತ್ತಿದ್ದರು. ಗಿರಾಕಿಗಳೂ ಕಾಯುತ್ತಿದ್ದರು. ಆಮೇಲೆ ಇಬ್ಬರೂ ಬೇರೆ ಏನಾದರೂ ಮಾತಾಡುತ್ತಿದ್ದರು.

ಈ ವರ್ಷ ಅವಳೂ ಬರುವವಳು. ಅಲ್ಲೇ ಇದ್ದದ್ದು ಪೇಚು.

ಅವಳ ತವರಿನ ಕಡೆಯವರದು ಯಾರಿಗೂ ಇಲ್ಲದ ಪದ್ಧತಿ. ಸತ್ತವರನ್ನು ಅವರು ಹೊಗಳುವುದಿಲ್ಲ, ಬೈಯುತ್ತಾರೆ. ಲೆಕ್ಕಾಚಾರ ಸರಳ: ಬದುಕಿದ್ದಷ್ಟು ದಿನ ಯಾವ ಮನೆಯಲ್ಲಿ ಯಾರನ್ನು ಕೂರಿಸಿ ಹೊಗಳಿದ್ದಾರೆ? ಪಾಪ, ಹೋದ ಜೀವ ಅಷ್ಟು ದೂರದಿಂದ ಮನೆ ಹುಡುಕಿಕೊಂಡು ಬರುತ್ತದೆ. ಒಳಗಿನಿಂದ ‘ಎಂಥ ಗುಣವಂತೆ, ಎಂಥ ತಾಳ್ಮೆ’ ಎಂದು ಕೇಳಿಬಂದರೆ, ಇದು ನಮ್ಮ ಮನೆಯಲ್ಲ ಎಂದು ಮುಂದೆ ಹೋಗಿಬಿಡುತ್ತದೆ. ‘ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕಬೇಡ ಅಂತ ಎಷ್ಟು ಸಲ ಹೇಳಲಿ’ ಎಂದು ಕೇಳಿಬಂದರೆ ಗುರುತು ಹತ್ತಿ, ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ಹಾಗಾಗಿ ಹೋದವರ ಮೊದಲ ವರ್ಷ ಮನೆಮಂದಿಯೆಲ್ಲ ಸೇರಿ, ಬಾಗಿಲ ಬಳಿ ಒಂದು ಖಾಲಿ ಕುರ್ಚಿ ಹಾಕಿ, ಸರದಿಯ ಮೇಲೆ ದೂರು ಹೇಳಬೇಕು. ದೂರು ನಿಜವಿರಬೇಕು. ಮೊದಲನೆಯದನ್ನು ಒಂದೇ ಸೂರಿನಡಿ ಹೆಚ್ಚು ಕಾಲ ಬಾಳಿದವರೇ ಹೇಳಬೇಕು, ಅದೂ ಹೊಸ್ತಿಲ ಮೇಲಿಂದ ಬಿಸಿಲು ಸರಿಯುವುದರೊಳಗೆ. ಅವರು ಬಾಯಿ ತೆರೆಯುವ ತನಕ ಉಳಿದವರ ಬಾಯಿಗೆ ಬೀಗ. ಮದುವೆಯಾದ ಹೊಸದರಲ್ಲಿ ಹೆಂಡತಿಯ ತಾತನಿಗೆ ಹೀಗೆ ಬೈಯುವುದನ್ನು ನೋಡಿ ಮಾಸ್ಟರು ಬೆವೆತುಹೋಗಿದ್ದರು. ಹೊಟ್ಟೆ ಹಿಡಿದುಕೊಂಡು ನಕ್ಕ ಜನ ಕೊನೆಗೆ ಅದೇ ಹೊಟ್ಟೆ ಹಿಡಿದುಕೊಂಡು ಅತ್ತದ್ದನ್ನೂ ನೋಡಿದ್ದರು.

ಇತ್ತ ಮಾಸ್ಟರ ಕಡೆಯವರದು ನೇರ ತಿರುಗುಮುರುಗು. ಈ ಕಾಲದಲ್ಲಿ ಸತ್ತವರ ಬಗ್ಗೆ ಆಡಿದ ಮಾತೇ ಅವರಿಗೆ ಒಂದು ವರ್ಷದ ಉಡುಗೆ ಎಂದು ಅವರ ನಂಬಿಕೆ. ಒಳ್ಳೆಯ ಮಾತಾಡಿದರೆ ಬೆಚ್ಚಗಿರುತ್ತಾರೆ, ಕೆಟ್ಟದ್ದು ಆಡಿದರೆ ಅದನ್ನೇ ತೊಟ್ಟು ವರ್ಷವಿಡೀ ಚಳಿಯಲ್ಲಿ ತಿರುಗುತ್ತಾರೆ. ಅಣ್ಣ ಫೋನು ಮಾಡಿ ಎಚ್ಚರಿಸಿದ್ದ. ‘ನಿನ್ನ ಹೆಂಡ್ತಿ ಕಡೆಯವರ ಮಾತು ಕಟ್ಕೊಂಡು ಏನಾದ್ರೂ ಅಂದುಬಿಟ್ಟೀಯ. ನೀನು ಟೈಲರು ಬೇರೆ. ಹೆಂಡ್ತಿಗೆ ಹರಕು ಬಟ್ಟೆ ತೊಡಿಸಿ ಕಳಿಸ್ತೀಯ?’

ಮಾಸ್ಟರಿಗೆ ಇದರಲ್ಲಿ ಯಾವುದೂ ಪೂರ್ತಿ ನಂಬಿಕೆಯಿಲ್ಲ. ಆದರೆ ಅವಳು ಬರುವುದಾದರೆ? ಹೊಗಳಿದರೆ ಬಾಗಿಲ ತನಕ ಬಂದು ತಿರುಗಿ ಹೋದಾಳು. ಬೈದರೆ ಚಳಿಯಲ್ಲಿ ನಡುಗಿಯಾಳು. ಆರು ತಿಂಗಳಿಂದ ಎರಡು ಲೋಟ ಚಹಾ ಮಾಡಿ ಒಂದನ್ನು ಚೆಲ್ಲುತ್ತಿದ್ದ ಮನುಷ್ಯ ಅವರು. ಅವಳು ಒಂದು ಗಳಿಗೆ ಆ ಕುರ್ಚಿಯಲ್ಲಿ ಬಂದು ಕೂರಬೇಕು ಎಂಬ ಆಸೆ ಎಷ್ಟಿತ್ತೆಂದರೆ, ಕೊನೆಗೆ ಚಳಿಯ ಭಯವನ್ನು ಪಕ್ಕಕ್ಕಿಟ್ಟು ಬೈಯುವುದೆಂದೇ ತೀರ್ಮಾನಿಸಿದರು.

ತೀರ್ಮಾನವೇನೋ ಆಯಿತು. ಬೈಯಲು ತಪ್ಪು ಬೇಕಲ್ಲ! ಯಂತ್ರದ ಮುಂದೆ ಕೂತು ಎಷ್ಟು ಯೋಚಿಸಿದರೂ ಒಂದೂ ಹೊಳೆಯಲಿಲ್ಲ. ಅವಳು ಜೋರು, ನಿಜ. ಆದರೆ ಆ ಜೋರಿಲ್ಲದಿದ್ದರೆ ಅಂಗಡಿ ಎಂದೋ ಮುಚ್ಚುತ್ತಿತ್ತು. ಹಟಮಾರಿ, ನಿಜ. ಆದರೆ ಹಟ ಮಾಡಿದ್ದರಿಂದಲೇ ಮಗಳು ಓದಿದ್ದು. ಹೀಗೆ ಒಂದೊಂದು ತಪ್ಪನ್ನೂ ಹಿಡಿದು ತಿರುಗಿಸಿದರೆ ಒಳಗಿನಿಂದ ಗುಣ ಕಾಣುತ್ತಿತ್ತು. ದಿನಾ ಬಟ್ಟೆ ತಿರುವಿ ಹಾಕುವ ಕೈಗೆ ಬೇರೇನು ಅಭ್ಯಾಸವಿರುತ್ತದೆ?

ಕೊನೆಗೆ ಪಕ್ಕದ ಅಂಗಡಿಯ ಚಪ್ಪಲಿ ರಿಪೇರಿಯವನ ಬಳಿ ಹೋಗಿ, ಧ್ವನಿ ತಗ್ಗಿಸಿ ಕೇಳಿದರು. ‘ನಮ್ಮವಳಲ್ಲಿ ಏನಾದ್ರೂ ಕೊರತೆ ನಿನ್ನ ಕಣ್ಣಿಗೆ ಬಿದ್ದಿತ್ತಾ?’

ಅವನು ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗಿದು, ಇದು ಯಾವ ಪರೀಕ್ಷೆ ಎಂಬಂತೆ ನೋಡಿದ. ‘ಅಯ್ಯೋ ಮಾಸ್ಟ್ರೇ, ದೇವರಂಥ ಹೆಂಗಸು ಅಕ್ಕ.’

‘ದೇವರಂಥವಳು ಅಂತ ನನಗೂ ಗೊತ್ತು. ತಪ್ಪು ಹೇಳಪ್ಪ, ತಪ್ಪು. ನನಗೆ ಬೇಕಾಗಿದೆ.’

ಅವನು ತುಂಬ ಹೊತ್ತು ಯೋಚಿಸಿ, ‘ನನ್ನ ಹೊಲಿಗೆ ವಕ್ರ ಅಂತ ದಿನಾ ಅಂತಿದ್ರು’ ಎಂದ. ಆಮೇಲೆ ಕೈಯಲ್ಲಿದ್ದ ಚಪ್ಪಲಿ ತಿರುಗಿಸಿ ನೋಡಿ, ‘ವಕ್ರವೇ ಇದೆ, ಬಿಡಿ’ ಎಂದು ನಿಟ್ಟುಸಿರು ಬಿಟ್ಟ.

ಸ್ವೆಟರಿನ ಮನೆಯವರು ‘ಗೊರಕೆ ಅಂತ ಹೇಳಿಬಿಡಿ, ಗೊರಕೆ ಎಲ್ಲರಿಗೂ ಹೊಂದುತ್ತೆ’ ಎಂದು ಸಲಹೆ ಕೊಟ್ಟರು. ಸಿದ್ಧ ಉಡುಪಿನ ಹಾಗೆ ಸಿದ್ಧ ದೂರು. ಮಾಸ್ಟರು ಅದನ್ನು ಅಳತೆ ಬರೆಯುವ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡರು. ಅದರ ಕೆಳಗೆ ತಾವೇ ಕಷ್ಟಪಟ್ಟು ಇನ್ನೆರಡು ಸೇರಿಸಿದರು. ಮೂರಾಯಿತು. ಮೂರರಲ್ಲಿ ಒಂದಾದರೂ ನಿಲ್ಲದೇ?

ದೂರು ಹೇಳುವ ದಿನ ಮಧ್ಯಾಹ್ನ ಎಲ್ಲರೂ ಮನೆಗೆ ಬಂದರು. ಎಲ್ಲರೂ ಎಂದರೆ ಹೆಂಡತಿಯ ಅಕ್ಕ, ಹೆಂಡತಿಯ ತಂಗಿ, ಮತ್ತು ಮಾಸ್ಟರ ಒಬ್ಬಳೇ ಮಗಳು. ಅಕ್ಕ ಮೂವತ್ತು ವರ್ಷ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದು ನಿವೃತ್ತಳಾದವಳು. ಅವಳ ಮುಂದೆ ಜಡ್ಜುಗಳೇ ನೆಟ್ಟಗೆ ಕೂರುತ್ತಿದ್ದರಂತೆ. ತಂಗಿ ಬ್ಯೂಟಿ ಪಾರ್ಲರ್ ನಡೆಸುವವಳು, ಅಳು ನಗು ಎರಡೂ ತುಟಿಯ ತುದಿಯಲ್ಲೇ. ಮಗಳು ಬಸ್ ಕಂಡಕ್ಟರು. ಮನೆಯೊಳಗೂ ಹಿಂದಿನ ಸೀಟಿಗೆ ಕೇಳಿಸುವ ಹಾಗೆಯೇ ಮಾತಾಡುತ್ತಿದ್ದಳು. ಬಾಗಿಲ ಬಳಿ ಕುರ್ಚಿ ಹಾಕಿದರು. ಹೊಸ್ತಿಲ ಮೇಲೆ ಬಿಸಿಲು ಒಂದು ಮೊಳದಷ್ಟು ಅಗಲ ಬಿದ್ದಿತ್ತು. ಅಕ್ಕ ಕನ್ನಡಕ ಏರಿಸಿ, ಕೈಚೀಲದಿಂದ ಎರಡು ಹಾಳೆ ಹೊರತೆಗೆದಳು. ಎರಡೂ ಬದಿ ಬರೆದಿದ್ದಳು.

‘ಅಷ್ಟೂ ಅವಳ ಮೇಲಾ, ಅಕ್ಕ?’ ಎಂದರು ಮಾಸ್ಟರು ಗಾಬರಿಯಿಂದ.

‘ಇದು ಬರೀ ಮದುವೆಗೆ ಮುಂಚಿಂದು. ನೀವು ಶುರು ಮಾಡಿ ಮಾಸ್ಟ್ರೇ. ನಿಮ್ಮದು ಆಗದೆ ನಾವ್ಯಾರೂ ಬಾಯಿ ಬಿಡೋ ಹಾಗಿಲ್ಲ.’

ಮಾಸ್ಟರು ಎದ್ದು ನಿಂತು, ಖಾಲಿ ಕುರ್ಚಿಯನ್ನು ನೋಡಿ, ಗಂಟಲು ಸರಿ ಮಾಡಿಕೊಂಡರು. ‘ನೀನು... ನೀನು ಮೈ ಮುರಿದು ಕೆಲಸ ಮಾಡ್ತಿದ್ದೆ. ಒಂದು ದಿನಾನೂ ರಜ ತಗೊಳ್ಳಲಿಲ್ಲ. ಅದು ತಪ್ಪು.’

ತಂಗಿ ಹಣೆ ಚಚ್ಚಿಕೊಂಡಳು. ‘ಭಾವ! ಅದು ಹೊಗಳಿಕೆ. ಅಂಚು ಮಡಿಸಿ ಹೊಲಿದ ಹೊಗಳಿಕೆ. ಇದನ್ನ ಕೇಳಿದ್ರೆ ಅವಳು ಪಕ್ಕದ ಬೀದಿಗೆ ಹೋಗ್ತಾಳೆ.’

‘ತಿರಸ್ಕರಿಸಲಾಗಿದೆ’ ಎಂದಳು ಬೆಂಚ್ ಕ್ಲರ್ಕ್ ಅಕ್ಕ. ‘ಮುಂದಿನದು.’

ಮಾಸ್ಟರು ಪುಸ್ತಕದ ಕಡೆ ಓರೆಗಣ್ಣು ಹಾಯಿಸಿದರು. ‘ನೀನು ಗೊರಕೆ ಹೊಡೀತಿದ್ದೆ.’

‘ಅಪ್ಪಾ!’ ಎಂದಳು ಮಗಳು, ಬೀದಿಯವರೆಲ್ಲ ಇಳಿಯುವ ಹಾಗೆ. ‘ಗೊರಕೆ ನಿಮ್ದು. ಅಮ್ಮ ಕಿವಿಗೆ ಹತ್ತಿ ಇಟ್ಕೊಂಡು ಮಲಗ್ತಿದ್ಲು.’

‘ಹೌದಾ?’ ಎಂದರು ಮಾಸ್ಟರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ‘ನನಗೆ ಹೇಳಲೇ ಇಲ್ಲವಲ್ಲ.’

‘ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ.’

ಅಕ್ಕ ತನ್ನ ಹಾಳೆಯ ಅಂಚಿನಲ್ಲಿ ಏನೋ ಗೀಚಿಕೊಂಡಳು. ಬಿಸಿಲು ಮೊಳದಿಂದ ಗೇಣಿಗೆ ಇಳಿದಿತ್ತು. ಮಾಸ್ಟರು ಮೂರನೆಯದನ್ನು, ತಮಗೆ ಎಲ್ಲಕ್ಕಿಂತ ಭರವಸೆಯಿದ್ದದ್ದನ್ನು, ಒಂದೇ ಉಸಿರಿಗೆ ಹೇಳಿದರು. ‘ಮದುವೆ ವರ್ಷ ನನ್ನ ಒಳ್ಳೇ ಕತ್ತರೀಲಿ ತಗಡು ಕತ್ತರಿಸಿ ಮೊಂಡು ಮಾಡಿಟ್ಟೆ. ಯಾರು ಅಂತ ಕೇಳಿದ್ರೆ ನಾನೇ ಅಂದೆ.’

ಗೆದ್ದೆನೆಂದು ಸುತ್ತ ನೋಡಿದರೆ, ಪಾರ್ಲರಿನ ತಂಗಿ ನೆಲ ನೋಡುತ್ತಿದ್ದಳು. ‘ಅದು ನಾನು, ಭಾವ. ಆಗ ನನಗೆ ಹನ್ನೊಂದು ವರ್ಷ. ಗೊಂಬೆಗೆ ಕಿರೀಟ ಮಾಡ್ತಿದ್ದೆ. ನೀವು ಬೈತೀರ ಅಂತ ಅಕ್ಕ ತನ್ನ ಮೇಲೆ ಹಾಕ್ಕೊಂಡಳು.’

‘ನಾನು ಬೈತೀನಿ ಅಂತಲಾ?’

‘ಆಗಿನ್ನೂ ನೀವು ಹೊಸಬರು. ನಮಗೇನು ಗೊತ್ತು?’

ಮೂರೂ ಬಿದ್ದುಹೋದವು. ಬಿದ್ದದ್ದಷ್ಟೇ ಅಲ್ಲ, ಒಂದೊಂದೂ ಅವಳ ಒಂದೊಂದು ಒಳ್ಳೆಯತನವನ್ನು ಹೊರಗೆ ಹಾಕಿ ಬಿದ್ದಿತು. ಇಷ್ಟು ಹೊತ್ತಿಗೆ ಅವಳು ಈ ಬೀದಿ ಬಿಟ್ಟು ಊರನ್ನೇ ದಾಟಿರಬೇಕು ಎನಿಸಿ ಮಾಸ್ಟರಿಗೆ ಕೈಕಾಲೇ ಆಡಲಿಲ್ಲ. ಪುಸ್ತಕ ತಿರುವಿದರೆ ಯಾರದೋ ಸೊಂಟದ ಅಳತೆ, ಯಾರದೋ ತೋಳಿನ ಉದ್ದ. ಬಿಸಿಲು ನಾಲ್ಕು ಬೆರಳಿನಷ್ಟು ಉಳಿದಿತ್ತು. ಕಣ್ಣು ತುಂಬಿ ಬಂತು.

ಅದನ್ನು ನೋಡಿ ಕೋರ್ಟಿನ ಅಕ್ಕನಿಗೂ ಕರುಳು ಚುರ್ರೆಂದಿತು. ಕನ್ನಡಕ ತೆಗೆದು ಮೆತ್ತಗೆ ಹೇಳಿದಳು. ‘ಇರಲಿ ಬಿಡಿ ಮಾಸ್ಟ್ರೇ. ಇದು ನಿಮ್ಮ ಕೈಲಾಗೋ ಕೆಲಸ ಅಲ್ಲ. ನೀವೊಂದು ಕೆಲಸ ಮಾಡಿ, ಮೂಲೆ ಅಂಗಡಿಗೆ ಹೋಗಿ ಚಹಾಕ್ಕೆ ಹಾಲು ತಗೊಂಡು ಬನ್ನಿ. ಅಷ್ಟರಲ್ಲಿ ನಾನೇ ಹೇಗೋ ಶುರು ಮಾಡಿ ಮುಗಿಸಿರ್ತೀನಿ.’

ಹೇಳಿದ ಮಾತು ಮೀರಿ ಗೊತ್ತಿಲ್ಲದ ಮನುಷ್ಯ. ತಲೆಯಾಡಿಸಿ, ಹಾಲಿನ ಪಾತ್ರೆ ಹಿಡಿದು ಬಾಗಿಲಿಗೆ ಹೋದರು. ಕುರ್ಚಿಯನ್ನು ಬಳಸಿಕೊಂಡು ಹೊಸ್ತಿಲು ದಾಟಿ, ಒಂದು ಕಾಲಿಗೆ ಚಪ್ಪಲಿ ಮೆಟ್ಟಿದರು. ಇನ್ನೊಂದು ಕಾಲು ಅಲ್ಲೇ ನಿಂತಿತು.

ಮಾಸ್ಟರು ತಿರುಗಿದರು. ಅವರ ಕಿವಿ ಕೆಂಪಾಗಿತ್ತು. ಅದನ್ನು ಆ ಮನೆಯಲ್ಲಿ ಹಿಂದೆಂದೂ ಯಾರೂ ನೋಡಿರಲಿಲ್ಲ.

‘ನಾನು ಹೋಗಲ್ಲ’ ಎಂದರು.

‘ಹಾಲಿಗಾ, ಅಪ್ಪ?’

‘ಎಲ್ಲಿಗೂ ಹೋಗಲ್ಲ.’ ಪಾತ್ರೆಯನ್ನು ನೆಲಕ್ಕೆ ಕುಕ್ಕಿ, ಖಾಲಿ ಕುರ್ಚಿಯ ಎದುರು ನಿಂತರು. ‘ನೀನೂ ಹೀಗೇ ಕಣೇ. ನೀನೂ ಹೀಗೇ ಮಾಡ್ತಿದ್ದೆ! ಇವಳು ಹುಟ್ಟುವಾಗ ಬಿಸಿನೀರು ತನ್ನಿ ಅಂತ ನನ್ನ ಕಳಿಸಿದೆ. ಬಿಸಿನೀರು ಆಗಲೇ ಅಲ್ಲಿತ್ತು, ನಾನು ನೋಡಿದ್ದೆ, ಆದ್ರೂ ಹೋದೆ. ನಿನ್ನ ಅಮ್ಮ ತೀರ್ಕೊಳ್ಳೋ ಹೊತ್ತಿಗೆ ಡಾಕ್ಟರನ್ನ ಕರ್ಕೊಂಡು ಬನ್ನಿ ಅಂದೆ. ಡಾಕ್ಟರು ಒಳಗೇ ಕೂತಿದ್ರು. ಕಷ್ಟದ ಗಳಿಗೆ ಬಂತು ಅಂದ್ರೆ ಸಾಕು, ನನಗೊಂದು ಚೀಲ ಕೊಟ್ಟು ಹೊರಗೆ ಕಳಿಸೋದು. ನಾನೂ ಏನೋ ದೊಡ್ಡ ಉಪಕಾರ ಮಾಡ್ತಿದೀನಿ ಅಂದ್ಕೊಂಡು ಓಡೋದು!’

ಅಕ್ಕನ ಕೈಯಲ್ಲಿದ್ದ ಹಾಳೆಗಳು ತಾವಾಗಿ ಮಡಿಸಿಕೊಂಡವು.

‘ಅವತ್ತು ಬೆಳಿಗ್ಗೆ ಆಸ್ಪತ್ರೇಲಿ ಏನಂದೆ? ಕಂದು ದಾರ ಮುಗಿದಿದೆ, ಸೇತುವೆ ಹತ್ರದ ಅಂಗಡೀಲೇ ಸಿಗೋದು, ಹೋಗಿ ತನ್ನಿ ಅಂದೆ. ಆಸ್ಪತ್ರೇಲಿ ಮಲಗಿದೋಳಿಗೆ ದಾರ ಯಾಕೆ ಅಂತ ಕೇಳಬೇಕಿತ್ತು ನಾನು. ಕೇಳಲಿಲ್ಲ. ಎರಡು ಬಸ್ ಬದಲಾಯಿಸಿ ಹೋದೆ. ಬಣ್ಣ ಹೊಂದುತ್ತಾ ಅಂತ ಬೆಳಕಿಗೆ ಹಿಡಿದು ನೋಡ್ಕೊಂಡು ನಿಂತಿದ್ದೆ. ವಾಪಸ್ ಬರೋ ಹೊತ್ತಿಗೆ ಮುಖದ ಮೇಲೆ ಬಟ್ಟೆ ಎಳೆದಿದ್ರು.’

ದನಿ ಒಡೆಯಿತು, ಆದರೆ ನಿಲ್ಲಲಿಲ್ಲ. ‘ಇವನ ಕೈಲಿ ನೋಡೋಕಾಗಲ್ಲ, ಅಳ್ತಾನೆ ಅಂತ ತಾನೇ? ಅಳ್ತಿದ್ದೆ. ಅತ್ತರೆ ಏನಾಗ್ತಿತ್ತು? ಅಳ್ತಾ ಅಳ್ತಾ ನಿನ್ನ ಕೈ ಹಿಡ್ಕೊಂಡು ಕೂತಿರ್ತಿದ್ದೆ. ಅಷ್ಟು ಗಟ್ಟಿ ಇದ್ದೆ ನಾನು. ಊರಿನವರಿಗೆಲ್ಲ ಇದ್ದದ್ದು ಇದ್ದ ಹಾಗೆ ಹೇಳೋಳು, ನನಗೊಬ್ಬನಿಗೆ ಸುಳ್ಳು ಹೇಳಿ ಕಳಿಸಿದೆ. ಅದು ತಪ್ಪು. ನೀನು ಮಾಡಿದ್ದು ತುಂಬಾ ದೊಡ್ಡ ತಪ್ಪು. ಈ ಮಾತು ನಿನ್ನ ಮೈಗೆ ಚಳಿ ಆದ್ರೆ ಆಗಲಿ, ನಾನು ವಾಪಸ್ ತಗೊಳ್ಳಲ್ಲ.’

ಪಾರ್ಲರಿನ ತಂಗಿ ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಮಗಳು ಜೀವಮಾನದಲ್ಲಿ ಮೊದಲ ಸಲ ಪಿಸುಮಾತಿನಲ್ಲಿ ‘ಅಪ್ಪ’ ಎಂದಳು. ಕೋರ್ಟಿನ ಅಕ್ಕ ಮಾತ್ರ ಬಾಗಿಲ ಕಡೆ ನೋಡುತ್ತಿದ್ದಳು. ಹೊಸ್ತಿಲ ಮೇಲೆ ಬಿಸಿಲು ಇನ್ನೂ ಒಂದು ಬೆರಳಿನಷ್ಟು ಇತ್ತು.

‘ದಾಖಲಾಯ್ತು’ ಎಂದಳು. ಆಮೇಲೆ ಮೂಗು ಒರೆಸಿಕೊಂಡು, ಎಂದಿನ ದನಿಗೆ ಬಂದು, ‘ಈಗ ನನ್ನದು. ಒಂದನೇ ಹಾಳೆ. ನಾಲ್ಕನೇ ಕ್ಲಾಸಲ್ಲಿ ನನ್ನ ರಿಬ್ಬನ್ ಕದ್ದು, ಬೆಕ್ಕು ತಿಂತು ಅಂದೋಳು ನೀನು’ ಎಂದು ಶುರು ಮಾಡಿದಳು. ತಂಗಿ ಅಳುತ್ತಲೇ ಕಿಸಕ್ಕೆಂದು ನಕ್ಕಳು.

ಮಾಸ್ಟರು ಒಂದೇ ಕಾಲಿನಲ್ಲಿದ್ದ ಚಪ್ಪಲಿಯನ್ನು ಬಿಟ್ಟು, ಇನ್ನೊಂದು ಕುರ್ಚಿ ಎಳೆದು ತಂದು, ಖಾಲಿ ಕುರ್ಚಿಯ ಪಕ್ಕಕ್ಕೆ ತಾಗಿಸಿ ಹಾಕಿ ಕೂತರು. ಮಗಳು ಪಾತ್ರೆ ಎತ್ತಿಕೊಂಡು, ‘ನೀವು ಕೂತಿರಿ, ಹಾಲಿಗೆ ನಾನು ಹೋಗ್ತೀನಿ’ ಎಂದಳು.

‘ಹೋಗಿ ಬಾ’ ಎಂದರು ಮಾಸ್ಟರು. ‘ನಾನು ಅವಳ ಹತ್ರ ಇರ್ತೀನಿ.’